ತೆಂಕಣಕ್ಕೆ ಈಜುವ ಹುಳಗಳ ಊರಿನಲ್ಲಿ

ವಾಡಿ ಬಿಡುವಾಗ

ವಾಡಿ ಜಂಕ್ಷನ್ನಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಸೊಲ್ಲಾಪುರದ ಗಾಡಿ ಯಾವ ಹಳಿಗೆ ಬರಬೇಕು, ರಾಯಚೂರಿನ ಕಡೆಗೆ ಹೋಗುವುದು ಎಲ್ಲಿ ನಿಲ್ಲಬೇಕು, ಸೇಡಂ ಮೇಲಿಂದ ಹೈದರಾಬಾದಿಗೆ ಹೋಗುವುದು ಎಲ್ಲಿ ಹೊರಳಬೇಕು ಎಂದು ಜೀವನವಿಡೀ ಬೇರೆಯವರಿಗೆ ದಾರಿ ಮಾಡಿಕೊಟ್ಟವನು. ಕಣ್ಣು ಕಟ್ಟಿ ಕಾಗಿಣಾ ದಂಡೆಯಲ್ಲಿ ಬಿಟ್ಟರೂ ದಂಡೋತಿ ಯಾವ ಕಡೆ, ಚಿತ್ತಾಪುರ ಯಾವ ಕಡೆ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಆಸ್ಟ್ರೇಲಿಯಾದಲ್ಲಿ ಮೂರೇ ದಿನಕ್ಕೆ ಮಣ್ಣುಪಾಲಾಯಿತು.

ಅಲ್ಲಿಗೆ ಹೋಗಬೇಕಾಗಿದ್ದವಳು ನನ್ನ ಹೆಂಡತಿ ಶಾಂತಾ. ನಾನು ಬಾಲಂಗೋಚಿ. ಅವಳು ಸೇಡಂನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಪಿಎಚ್‌ಡಿಗೆ ಹೆಸರು ಹಚ್ಚಿದಳು. ಉಳಿದದ್ದೆಲ್ಲ ಬರೆದಾಗಿತ್ತು, ಕೊನೆಯದೊಂದು ಪ್ರಯೋಗ ಮಾತ್ರ ನಮ್ಮ ಕಡೆ ಮಾಡಲು ಬರುವಂಥದ್ದಲ್ಲ. ಅದಕ್ಕೆ ಅಡಿಲೇಡ್ ಎಂಬ ಊರಿನ ಒಂದು ಪ್ರಯೋಗಾಲಯದವರು ಎರಡು ತಿಂಗಳು ಜಾಗ ಕೊಟ್ಟಿದ್ದರು. ಅವಳ ನೋಂದಣಿಯ ಅವಧಿ ಆ ವರ್ಷಕ್ಕೇ ಮುಗಿಯುತ್ತಿತ್ತು, ಇನ್ನು ಮುಂದೂಡುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಪ್ರಯೋಗ ಫಲಿಸಿದರೆ ಪಿಎಚ್‌ಡಿ, ಇಲ್ಲದಿದ್ದರೆ ಅಷ್ಟು ವರ್ಷದ ಕೆಲಸ ನೀರುಪಾಲು.

ಏನದು ಪ್ರಯೋಗ ಎಂದು ನಾನು ವಾಡಿಯಿಂದ ಹೈದರಾಬಾದಿನವರೆಗೆ ಕೇಳಿದೆ, ಅವಳು ಹೇಳಿದಳು, ನನಗೆ ತಿಳಿಯಲಿಲ್ಲ. ಹೊಳೆಯ ಕೆಸರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದಂತೆ. ಅದರ ಹೊಟ್ಟೆಯಲ್ಲಿ ಕಬ್ಬಿಣದ ಸಣ್ಣ ಸಣ್ಣ ಹರಳಿನ ಸಾಲು, ಅಂದರೆ ಹುಟ್ಟುತ್ತಲೇ ಅಯಸ್ಕಾಂತ. ಅದನ್ನು ಜೀವಂತ ಕೋಶಗಳ ಒಳಗೆ ಸೇರಿಸಿ, ಆ ಕೋಶಗಳನ್ನು ಇಲಿಯ ಮೈಯೊಳಗೆ ಬಿಟ್ಟರೆ, ದೊಡ್ಡ ಸ್ಕ್ಯಾನ್ ಯಂತ್ರದಲ್ಲಿ ಅವು ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಎಲ್ಲಿಗೆ ಹೋದವು, ಗಾಯ ಇದ್ದ ಕಡೆಗೆ ಹೋದವೋ ಇಲ್ಲವೋ ಎಂದು ಇಲಿಯನ್ನು ಕೊಯ್ಯದೆ ನೋಡಬಹುದು. ನಮ್ಮ ಅಗಸರು ಬಟ್ಟೆಯ ಅಂಚಿಗೆ ಕರಿಗೇರು ಕಾಯಿಯ ಅಳಿಸದ ಗುರುತು ಹಾಕಿ, ಹತ್ತು ಮನೆಯ ಬಟ್ಟೆಯಲ್ಲಿ ನಿಮ್ಮದು ಯಾವುದು ಎಂದು ಹೆಕ್ಕಿಕೊಡುತ್ತಾರಲ್ಲ, ಹಾಗೆ ಎಂದಳು. ಗೇರಿನ ಗುರುತು ತಿಳಿಯಿತು. ಅದು ಜೀವಂತ ಯಾಕಿರಬೇಕು, ಈಜಾಡಬೇಕು ಯಾಕೆ ಎಂಬುದು ತಿಳಿಯಲಿಲ್ಲ.

ಬೀಳ್ಕೊಡಲು ಶಹಾಬಾದಿನಿಂದ ಗೆಳೆಯ ಬಾಬುಮಿಯಾ ಬಂದಿದ್ದ. ನನ್ನ ಜೊತೆಗೇ ರೈಲ್ವೆಯಲ್ಲಿದ್ದವನು. ಇಷ್ಟು ದಿನ ನೀನು ಗಾಡಿಗೆ ದಾರಿ ತೋರಿಸಿದ್ದು ಸಾಕು, ಈಗ ಬಾಯಿ ಮುಚ್ಚಿಕೊಂಡು ಭಾಭಿಯ ಹಿಂದೆ ಹೋಗು ಎಂದು ಹಾರ ಹಾಕಿದ.

ವಿಮಾನ ನಿಲ್ದಾಣದಲ್ಲಿ ನನ್ನ ಬೂಟು

ಆ ದೇಶದವರಿಗೆ ಹೊರಗಿನ ಮಣ್ಣು ಎಂದರೆ ಭೂತ. ಇಳಿದ ಕೂಡಲೇ ಬೀಜ ಇದೆಯೇ, ಕಾಳು ಇದೆಯೇ, ಹೊಲಕ್ಕೆ ಹೋಗಿದ್ದಿರೇ ಎಂಬ ಪ್ರಶ್ನೆಗಳು. ನಾನು ಸತ್ಯವಂತ. ಬರುವ ಮುಂಚೆ ದಂಡೋತಿಗೆ ಹೋಗಿ ತೊಗರಿ ಬಿತ್ತನೆ ನೋಡಿ ಬಂದಿದ್ದೆ, ಹೋಗಿದ್ದೆ ಎಂದೆ. ಯಾವ ಬೂಟು ಹಾಕಿಕೊಂಡು ಎಂದು ಕೇಳಿದರು. ಇದೇ ಎಂದು ಕಾಲು ತೋರಿಸಿದೆ.

ಅಧಿಕಾರಿ ಬೂಟು ಬಿಚ್ಚಲು ಹೇಳಿ ಎತ್ತಿಕೊಂಡು ಒಳಗೆ ಹೋದ. ಹೋಯಿತು ನನ್ನ ಬೂಟು ಎಂದುಕೊಂಡೆ. ಶಾಂತಾ ನನ್ನನ್ನು ಕಣ್ಣಲ್ಲೇ ಸುಟ್ಟಳು. ಸಾಕ್ಸಿನಲ್ಲಿ ನಿಂತಿದ್ದವನ ಎದುರಿಗೆ ಸ್ವಲ್ಪ ಹೊತ್ತಿಗೆ ಅವನೇ ಬಂದ. ಕೈಯಲ್ಲಿ ನನ್ನ ಬೂಟು, ಅಡಿಯ ಎರೆಮಣ್ಣನ್ನೆಲ್ಲ ಬ್ರಷ್ಷಿನಿಂದ ತಿಕ್ಕಿ ತೊಳೆದು ಒರೆಸಿ ತಂದಿದ್ದಾನೆ. ತಗೋ ಎಂದು ನಗುತ್ತಾ ಕೊಟ್ಟ. ಸಮವಸ್ತ್ರ ತೊಟ್ಟ ಅಧಿಕಾರಿ ನನ್ನ ಬೂಟು ತೊಳೆದದ್ದು ಮರ್ಯಾದೆಯೋ ಅವಮಾನವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಾನು ಎರಡೂ ಕೈ ಜೋಡಿಸಿಬಿಟ್ಟೆ. ಅವನು ಗಾಬರಿಯಾದ.

ಚೀಲದಲ್ಲಿದ್ದ ಕಡಕ್ ರೊಟ್ಟಿಯನ್ನು ತಟ್ಟಿ ನೋಡಿದರು, ಮೂಸಿ ನೋಡಿದರು, ಒಂದನ್ನು ಮುರಿದೂ ನೋಡಿದರು. ತಿನ್ನುವ ವಸ್ತು ಎಂದು ನಂಬಿಸಲು ಶಾಂತಾ ಒಂದು ತುಂಡು ಕಡಿದು ತೋರಿಸಬೇಕಾಯಿತು. ರೊಟ್ಟಿ ಉಳಿಯಿತು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದೂ ಉಳಿಯಿತು. ಒಣಗಿಸಿದ ಪುಂಡಿ ಸೊಪ್ಪು ಮಾತ್ರ ಕಸದ ಡಬ್ಬಿಗೆ ಹೋಯಿತು.

ಬಾಡಿಗೆ ಮನೆ, ಉಲ್ಟಾ ಬಿಸಿಲು

ನಮಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಚಳಿಗಾಲ. ಮೂರನೆಯ ದಿನ ಹಾಲು ತರಲು ಒಬ್ಬನೇ ಹೊರಟೆ. ಹೋಗುವಾಗ ತಿರುವುಗಳನ್ನು ನೆನಪಿಡಲಿಲ್ಲ, ಸೂರ್ಯನಿದ್ದಾನಲ್ಲ ಎಂಬ ಧೈರ್ಯ. ನಮ್ಮ ಕಡೆ ಚಳಿಗಾಲದ ಮಧ್ಯಾಹ್ನ ಬಿಸಿಲು ತೆಂಕಣದಿಂದ ಬೀಳುತ್ತದೆ. ಬಿಸಿಲಿಗೆ ಬೆನ್ನು ಕೊಟ್ಟು ನಡೆದರೆ ಬಡಗಣ. ಅಂಗಡಿಯಿಂದ ಮನೆ ಇದ್ದದ್ದು ಬಡಗಣಕ್ಕೆ ಎಂದು ನಕಾಶೆಯಲ್ಲಿ ನೋಡಿದ್ದೆ. ಬೆನ್ನು ಕೊಟ್ಟು ನಡೆದೆ, ನಡೆದೇ ನಡೆದೆ. ಮನೆ ಬರಲಿಲ್ಲ, ಕುದುರೆ ಮೇಯುವ ಒಂದು ಬಯಲು ಬಂತು.

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ, ನಾನು ಹಾಲಿನ ಡಬ್ಬಿ ಎದೆಗವಚಿಕೊಂಡು ಆಕಾಶ ನೋಡುವುದನ್ನು ಕಂಡು ನಿಂತ. ವಿಳಾಸ ತೋರಿಸಿದೆ. ಇಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಬಡಗಣಕ್ಕಪ್ಪಾ ಎಂದು ಕೈ ಮಾಡಿ ತೋರಿಸಿ, ತಾನೇ ನನ್ನನ್ನು ಬಸ್ಸಿಗೆ ಹತ್ತಿಸಿದ. ಬಸ್ಸಿನಲ್ಲಿ ಇನ್ನೊಂದು ವಿಚಿತ್ರ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಗಾಡಿ ಸರಿಯಾದ ಸಮಯಕ್ಕೆ ಬಂದರೂ ಬೈದು ಇಳಿಯುವುದೇ ಪದ್ಧತಿ. ನಾನೂ ಹೇಳಿದೆ. ಡ್ರೈವರ್ ತಲೆ ಆಡಿಸಿದ, ನನಗೆ ಒಳಗೊಳಗೇ ಭಾಳ ಖುಷಿಯಾಯಿತು.

ಮನೆಗೆ ಬಂದು ಹೇಳಿದರೆ ಶಾಂತಾ ನಕ್ಕು ನಕ್ಕು ಕೂತಳು. ತನ್ನ ಬ್ಯಾಕ್ಟೀರಿಯಾಗಳದೂ ಅದೇ ಕತೆ ಎಂದಳು. ನಮ್ಮ ಕಡೆಯ ಹುಳಗಳು ಬಡಗಣಕ್ಕೆ ಈಜುತ್ತವೆ, ಇಲ್ಲಿಯವು ತೆಂಕಣಕ್ಕೆ. ಎರಡಕ್ಕೂ ಬೇಕಾದ್ದು ಕೆಳಗಿನ ಕೆಸರು, ಭೂಮಿಯ ಅಯಸ್ಕಾಂತದ ಎಳೆತ ಅಲ್ಲಿ ಬಡಗಣಕ್ಕೆ ಹೋಗುತ್ತಾ ನೆಲಕ್ಕಿಳಿದರೆ ಇಲ್ಲಿ ತೆಂಕಣಕ್ಕೆ ಹೋಗುತ್ತಾ ಇಳಿಯುತ್ತದಂತೆ. ನನ್ನ ತಲೆಯೊಳಗೆ ಬೇರೆಯೇ ಹುಳ ಹೊಕ್ಕಿತು. ಬಡಗಣಕ್ಕೆ ತಲೆ ಹಾಕಿ ಮಲಗಬಾರದು ಎಂದು ಬಂದ ದಿನವೇ ಮಂಚ ತಿರುಗಿಸಿದ್ದೆ. ಇಲ್ಲಿ ಎಲ್ಲವೂ ಉಲ್ಟಾ ಆದರೆ ತೆಂಕಣಕ್ಕೆ ತಲೆ ಹಾಕಬಾರದೋ ಏನೋ! ಬಾಬುಮಿಯಾಗೆ ಫೋನು ಹಚ್ಚಿ ಕೇಳಿದೆ.

“ಅಲ್ಲಪಾ, ಇಷ್ಟು ದೂರ ಹೋಗಿ ಹುಳಕ್ಕ ದಿಕ್ಕು ಕೇಳಾಕತ್ತಿಯೇನು?” ಎಂದ. “ಮೂಡಣಕ್ಕ ತಲಿ ಹಾಕಿ ಮಕ್ಕೋ, ಸೂರ್ಯ ಅಲ್ಲೂ ಅಲ್ಲಿಂದನೇ ಬರ್ತಾನ.”

ಮಂಚವನ್ನು ಮತ್ತೆ ತಿರುಗಿಸಿದೆ. ಬಾಗಿಲು ಅರ್ಧ ಮಾತ್ರ ತೆರೆಯುವಂತಾಯಿತು. ಎರಡು ತಿಂಗಳು ಅಡ್ಡಡ್ಡ ನುಸುಳಿಯೇ ಓಡಾಡಿದೆವು.

ಪ್ರಯೋಗಾಲಯ

ಪ್ರಯೋಗಾಲಯದ ಮುಖ್ಯಸ್ಥೆ ಹೆಲೆನ್ ಎಂಬಾಕೆ. ಎಲ್ಲರೂ ಅವರನ್ನು ಬರೀ ಹೆಲೆನ್ ಎನ್ನುತ್ತಾರೆ, ವಿದ್ಯಾರ್ಥಿಗಳು ಕೂಡ. ನನಗೆ ಬಾಯಿ ಬರಲಿಲ್ಲ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ, ಹೆಲೆನ್ ಅಕ್ಕೋರು ಎಂದೇ ಕರೆದೆ. ಅದು ತಮ್ಮ ಅಡ್ಡಹೆಸರೋ ಎಂದು ಅವರು ಶಾಂತಾಳನ್ನು ಕೇಳಿದರಂತೆ.

ಮಧ್ಯಾಹ್ನ ಡಬ್ಬಿ ಒಯ್ದುಕೊಡುವುದು ನನ್ನ ಕೆಲಸ. ಗಾಜಿನ ಗೋಡೆಯ ಈಚೆಯಿಂದ ಶಾಂತಾ ಸೂಕ್ಷ್ಮದರ್ಶಕದ ಮೇಲೆ ಬಗ್ಗಿರುವುದು ಕಾಣುತ್ತಿತ್ತು. ಬ್ಯಾಕ್ಟೀರಿಯಾಗಳನ್ನು ಕೋಶಗಳಿಗೆ ಕೊಡುವ ಮುಂಚೆ ಅವು ಆರೋಗ್ಯವಾಗಿವೆಯೇ ಎಂದು ನೋಡಬೇಕು. ಒಂದು ಹನಿ ಗಾಜಿನ ಮೇಲೆ ಹಾಕಿ ಪಕ್ಕದಲ್ಲಿ ಅಯಸ್ಕಾಂತ ಇಡುತ್ತಾರೆ. ಚೆನ್ನಾಗಿರುವವು ಎಲ್ಲ ಒಂದೇ ಅಂಚಿಗೆ ಹೋಗಿ ಸೇರುತ್ತವೆ. ದಿಕ್ಕುಗೆಟ್ಟು ಅಲೆದರೆ ಆ ತಂಡವನ್ನೇ ಚೆಲ್ಲಬೇಕು.

ಶಾಂತಾಳ ಕೈಯಲ್ಲಿ ಅವು ಅಲೆದವು. ಮೊದಲ ತಂಡ ಚೆಲ್ಲಿದಳು, ಎರಡನೆಯದೂ ಚೆಲ್ಲಿದಳು. ಬರಬರುತ್ತಾ ಅರ್ಧ ಅಯಸ್ಕಾಂತದ ಕಡೆಗೆ, ಅರ್ಧ ಎದುರು ಕಡೆಗೆ, ಕೆಲವು ನಡುವೆ ಗಿರಕಿ ಹೊಡೆಯುವುದು. ಹೆಲೆನ್ ಅಕ್ಕೋರು ಬಂದು ಅದೇ ಹನಿಯನ್ನು ನೋಡಿದರೆ ಎಲ್ಲ ಸಾಲಾಗಿ ಸರಿಯಾದ ಅಂಚಿಗೆ. ಅವರು ಎದ್ದು, ಇವಳು ಕೂತರೆ ಮತ್ತೆ ಗೊಂದಲ. ನನ್ನನ್ನು ಕೇಳಿದರೆ ಆ ಹುಳಕ್ಕೆ ಹೊಸಬರ ಗುರುತು ಹತ್ತಿರಲಿಕ್ಕಿಲ್ಲ ಎಂದೆ. ಬಯ್ಯಿಸಿಕೊಂಡೆ.

ಹೀಗೇ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವಳು ಡಬ್ಬಿ ಮುಟ್ಟದೆ ಕೂತಳು. ಅಕ್ಕೋರು ಬಹಳ ಮೆತ್ತಗೆ ಹೇಳಿದ್ದರಂತೆ: ನಿನಗೆ ದಣಿವಾಗಿರಬಹುದು, ಕಣ್ಣಿನ ತೊಂದರೆಯೂ ಇರಬಹುದು, ಪರೀಕ್ಷೆಯನ್ನು ಬೇರೆಯವರು ಮಾಡಲಿ, ನೀನು ಪಕ್ಕದಲ್ಲಿದ್ದು ನೋಡು. ಆದರೆ ಪಿಎಚ್‌ಡಿಯ ಪ್ರಯೋಗವನ್ನು ಸ್ವತಃ ಮಾಡಬೇಕು, ಬೇರೆಯವರು ಮಾಡಿದ್ದನ್ನು ತನ್ನದೆಂದು ಬರೆಯುವಂತಿಲ್ಲ.

“ನನ್ನ ಕಣ್ಣು ಬರೋಬ್ಬರ್ ಅದಾವ್ರೀ,” ಎಂದಳು. “ನಾ ನೋಡಿದ್ದು ಖರೇನೇ ನೋಡೀನಿ. ಆದ್ರ ಅದು ಹ್ಯಾಂಗ ಆಗಾಕತ್ತದ ಅಂತ ನನಗೇ ತಿಳೀವಲ್ದು.”

ಗಾಡಿ ತಪ್ಪು ಹಳಿಗೆ ಹೋದರೆ ಯಾರ ತಪ್ಪು ಎಂದು ಹುಡುಕಲು ನಮ್ಮಲ್ಲಿ ಒಂದು ಕ್ರಮವಿದೆ. ಇಲ್ಲಿ ಗಾಡಿಗೇ ಜೀವ ಇದೆ.

ಅಡುಗೆಮನೆಯ ಕಟ್ಟೆ

ಆ ಭಾನುವಾರ ನನ್ನ ಪ್ಯಾಂಟಿನ ಗುಂಡಿ ಹಾರಿತು. ಆ ಊರಿನಲ್ಲಿ ತೂಕ ಏರದೆ ಇರುವುದಿಲ್ಲ, ಬ್ರೆಡ್ಡು ಬೆಣ್ಣೆ ಅಷ್ಟು ರುಚಿ. ನಮ್ಮ ಮನೆಯಲ್ಲಿ ಏನು ಹರಿದರೂ ಕಿತ್ತರೂ ಮೊದಲು ನೆನಪಾಗುವುದು ಶಾಂತಾಳ ತಾಳಿ. ನಮ್ಮ ಕಡೆಯ ಹೆಂಗಸರೆಲ್ಲ ಕರಿಮಣಿ ಸರಕ್ಕೆ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡೇ ಇರುತ್ತಾರೆ. ಸೀರೆಯ ನೆರಿಗೆಗೆ, ಹರಿದ ಚಪ್ಪಲಿಗೆ, ಕಾಲಿಗೆ ಚುಚ್ಚಿದ ಜಾಲಿಮುಳ್ಳು ತೆಗೆಯಲಿಕ್ಕೆ, ಎಲ್ಲದಕ್ಕೂ ಅದೇ. ನಮ್ಮ ಅವ್ವ ಅಂತೂ ಒಂದು ಅಂಗಡಿಯನ್ನೇ ಕೊರಳಲ್ಲಿ ಹೊತ್ತಿದ್ದಳು.

ಅವಳು ಚಪಾತಿ ಲಟ್ಟಿಸುತ್ತಿದ್ದಳು, ಕೈಯೆಲ್ಲ ಹಿಟ್ಟು. ನೀವೇ ತಗೋರಿ ಎಂದು ಕೊರಳು ಮುಂದೆ ಮಾಡಿದಳು. ಒಂದು ಪಿನ್ನು ಬಿಚ್ಚಿ ಎಳೆದೆ. ಬರಲಿಲ್ಲ, ಪಕ್ಕದ ಪಿನ್ನಿಗೆ ಅಂಟಿಕೊಂಡಿತ್ತು. ಎರಡನ್ನೂ ಬಿಚ್ಚಿ ಎತ್ತಿದರೆ ಒಂದರ ತುದಿಗೆ ಇನ್ನೊಂದು ಜೋತು ಬಿತ್ತು, ಗಂಟಿಲ್ಲ, ಕೊಂಡಿಯಿಲ್ಲ. ಕಟ್ಟೆಯ ಮೇಲಿದ್ದ ಸಣ್ಣ ಸೂಜಿಯ ಹತ್ತಿರ ಒಯ್ದೆ, ಸೂಜಿ ಹಾರಿ ಬಂದು ಅಂಟಿತು. ಏನು ಮಾಟವೇ ಇದು ಎಂದು ನಾನು ನಗುತ್ತಾ ಅವಳಿಗೆ ತೋರಿಸಿದೆ.

ಅವಳು ನಗಲಿಲ್ಲ. ಲಟ್ಟಣಿಗೆ ಹಿಡಿದು ನಿಂತವಳು ನಿಂತೇ ಇದ್ದಳು. ಹೆಂಚಿನ ಮೇಲಿನ ಚಪಾತಿ ಕರಕಾಯಿತು. ಆಮೇಲೆ ಕೊರಳಿನ ಪಿನ್ನುಗಳನ್ನೆಲ್ಲ ಹಿಟ್ಟಿನ ಕೈಯಲ್ಲೇ ಮುಷ್ಟಿ ಮಾಡಿ ಹಿಡಿದು ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಗೊತ್ತಾಗದೆ ಒಲೆ ಆರಿಸಿದೆ.

ನಿಧಾನಕ್ಕೆ ಬಿಡಿಸಿ ಹೇಳಿದಳು. ಅವಳ ಮೇಜಿನ ಮೇಲೆ ಬ್ಯಾಕ್ಟೀರಿಯಾ ಕೂಡಿಸುವ ದೊಡ್ಡ ಅಯಸ್ಕಾಂತ ಇದೆ. ದಿನವಿಡೀ ಅದರ ಮೇಲೆ ಬಗ್ಗಿ ಬಗ್ಗಿ ತಾಳಿಯ ಪಿನ್ನುಗಳೂ ಅಯಸ್ಕಾಂತವಾಗಿವೆ. ತಾಳಿಯನ್ನು ಕೋಟಿನೊಳಗೆ ಹಾಕಿಕೊಂಡರೂ ಸೂಕ್ಷ್ಮದರ್ಶಕಕ್ಕೆ ಬಗ್ಗಿದಾಗ ಜಾರಿ ಹೊರಬಂದು ಹನಿಯ ಮಗ್ಗುಲಲ್ಲೇ ತೂಗುತ್ತದೆ. ಹುಳಗಳು ಪಾಪ, ಅತ್ತ ಹೋಗಲೋ ಇತ್ತ ಹೋಗಲೋ ಎಂದು ಕಂಗೆಟ್ಟಿವೆ. ಅವಳ ಕಣ್ಣು ಸರಿ ಇತ್ತು, ಕೈಯೂ ಸರಿ ಇತ್ತು, ಹುಳವೂ ಸರಿ ಇತ್ತು. ತಿಂಗಳಿಡೀ ಒಳ್ಳೆಯ ತಂಡಗಳನ್ನೇ ಚೆಲ್ಲಿದ್ದಳು.

ನನಗೆ ಆ ಹುಳಗಳ ಮೇಲೆ ಮೊದಲ ಬಾರಿ ಅಂತಃಕರಣ ಹುಟ್ಟಿತು. ಕುದುರೆಯ ಬಯಲಿನಲ್ಲಿ ಹಾಲಿನ ಡಬ್ಬಿ ಹಿಡಿದು ನಿಂತವನಿಗೆ ಅವುಗಳ ಕಷ್ಟ ಗೊತ್ತಾಗದೆ ಇರುತ್ತದೆಯೇ?

ಸೋಮವಾರ ಪಿನ್ನುಗಳನ್ನು ಡಬ್ಬಿಗೆ ಹಾಕಿ ಹೋದಳು, ಅಕ್ಕೋರಿಗೆ ಎಲ್ಲ ಹೇಳಿದಳು. ಅವರು ಪಿನ್ನು ತಾಳಿಗೆ ಯಾಕೆ ಎಂದು ಕೇಳಿದರಂತೆ, ಕೇಳಿದ ಮೇಲೆ ತಮಗೂ ನಾಲ್ಕು ಬೇಕು ಎಂದರಂತೆ. ಹುಳಗಳು ಅವತ್ತೇ ಒಂದು ಅಂಚಿಗೆ ಸೇರಿದವು. ಕೋಶಗಳಿಗೆ ಕೊಟ್ಟಳು, ಕೋಶಗಳನ್ನು ಇಲಿಗಳಿಗೆ ಕೊಟ್ಟರು. ಉಳಿದದ್ದು ನಾವು ಹೊರಡುವ ವಾರದ ಒಂದೇ ಒಂದು ಸ್ಕ್ಯಾನ್ ಸರದಿ. ಇಲಿಯ ಗಾಯಗೊಂಡ ಕಾಲಿನಲ್ಲಿ ಕಪ್ಪು ಚುಕ್ಕೆ ಕಂಡರೆ ಆಯಿತು. ಕಾಣದಿದ್ದರೆ ಇನ್ನೊಮ್ಮೆ ಮಾಡಲು ದಿನವಿಲ್ಲ.

ಸ್ಕ್ಯಾನ್ ಕೋಣೆಯ ಹೊರಗೆ

ಆ ಯಂತ್ರದ ಕೋಣೆಗೆ ಯಾವ ಲೋಹವೂ ಹೋಗುವಂತಿಲ್ಲ, ಚಿನ್ನವೂ. ಮುಂಚೆ ಪೂರ್ವಪರೀಕ್ಷೆಯ ಸ್ಕ್ಯಾನುಗಳಿಗೆ ಶಾಂತಾ ಹೊರಗೇ ನಿಂತಿದ್ದಳು, ಬೇರೆಯವರು ಇಲಿ ಒಯ್ದಿದ್ದರು. ಇದಕ್ಕೆ ಹಾಗಾಗದು, ಇದು ಅವಳದೇ. ಬೆಳಿಗ್ಗೆ ಚಹಾ ಕುಡಿಯುತ್ತಾ ತಾಳಿ ತೆಗೆಯಬೇಕಾಗುತ್ತದೆ ಎಂದಳು.

ನಾನು ಹೊಸ ಕಾಲದವನು ಎಂದೇ ತಿಳಿದುಕೊಂಡಿದ್ದೆ. ಆದರೆ ಕುಡಿಯುತ್ತಿದ್ದ ಚಹಾ ಕೆಳಗಿಟ್ಟುಬಿಟ್ಟೆ. ಮದುವೆಯಾದಾಗಿನಿಂದ ಅದು ಆ ಕೊರಳಿನಿಂದ ಇಳಿದದ್ದನ್ನು ಕಂಡಿಲ್ಲ. ನಮ್ಮ ಮನೆಯಲ್ಲಿ ತಾಳಿ ಇಳಿಯುವುದು ಯಾವಾಗ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೆದರಿಕೆ ಆಯಿತು, ನನ್ನ ಜೀವದ ಹೆದರಿಕೆಯೇ. ಬಟ್ಟೆ ಸುತ್ತಿಕೊಂಡರೆ ಆಗುವುದಿಲ್ಲವೇ, ಹೆಲೆನ್ ಅಕ್ಕೋರನ್ನು ಒಂದು ಮಾತು ಕೇಳಬಾರದೇ ಎಂದು ಏನೇನೋ ಬಡಬಡಿಸಿದೆ.

“ನಾ ಕೇಳಾಕತ್ತಿಲ್ಲರಿ, ಹೇಳಾಕತ್ತೀನಿ,” ಎಂದಳು. ಸಿಟ್ಟಿರಲಿಲ್ಲ. “ಕೊಂಡಿ ಭಾಳ ಬಿಗಿ ಅದ, ನನಗ ಬರವಲ್ದು. ಅಲ್ಲಿ ಹೋದ ಮ್ಯಾಲ ನೀವೇ ಬಿಚ್ಚಿಕೊಡ್ರಿ.”

ಕೋಣೆಯ ಹೊರಗಿನ ಪಡಸಾಲೆಯಲ್ಲಿ ಅವಳು ನನಗೆ ಬೆನ್ನು ಮಾಡಿ ನಿಂತಳು. ಕೊಂಡಿ ಎರಡು ಸಲ ಜಾರಿತು. ಬಿಚ್ಚಿದೆ. ಕೊರಳಿನಲ್ಲಿ ಕರಿಮಣಿ ಒತ್ತಿದ ಗುರುತು ಮಾತ್ರ ಉಳಿಯಿತು. ಬಳೆ, ಕಾಲುಂಗುರ, ಮೂಗುತಿ ಎಲ್ಲ ಬಿಚ್ಚಿ ನನ್ನ ಕೈಗೇ ಹಾಕಿ ಬಾಗಿಲು ತಳ್ಳಿಕೊಂಡು ಹೋದಳು. ಹಿಂದೆ ತಿರುಗಿ ನೋಡಲಿಲ್ಲ.

ಕಳೆದುಹೋದೀತು ಎಂದು ಕರವಸ್ತ್ರದಲ್ಲಿ ಕಟ್ಟಿದೆ. ಕಿಸೆಗೆ ಹಾಕಿದೆ, ಸಮಾಧಾನವಾಗಲಿಲ್ಲ, ತೆಗೆದು ಮುಷ್ಟಿಯಲ್ಲಿ ಹಿಡಿದೆ. ಒಳಗೆ ಯಂತ್ರ ದಡದಡ ಎನ್ನುತ್ತಿತ್ತು, ವಾಡಿಯಲ್ಲಿ ಸಿಮೆಂಟಿನ ಗೂಡ್ಸ್ ಗಾಡಿ ದಾಟಿದ ಹಾಗೆ. ನನ್ನ ಹೆದರಿಕೆ ನಿಧಾನಕ್ಕೆ ಬೇರೆಯಾಯಿತು. ನನಗೇನಾದೀತೋ ಎಂಬುದು ಮರೆತು, ಚುಕ್ಕೆ ಕಾಣದಿದ್ದರೆ ಈ ಹೆಂಗಸು ಏನು ಮಾಡಿಯಾಳು ಎಂಬುದೇ ತಲೆ ತುಂಬಿತು. ಆಗ ಯಾವ ದೇವರಿಗೆ ಬೇಡಿಕೊಂಡೆ ಎಂದು ನೆನಪಿಲ್ಲ. ಇಲಿಯ ಕಾಲಿಗಾಗಿ ಹರಕೆ ಹೊತ್ತದ್ದು ನಿಜ.

ಬಾಗಿಲು ತೆರೆಯಿತು. ಶಾಂತಾ ಹೊರಬಂದು ಗೋಡೆಗೆ ಒರಗಿದಳು. ಮೂಗುತಿಯಿಲ್ಲದ, ಬರಿಗೊರಳಿನ ಅವಳನ್ನು ನೋಡಿ ಒಂದು ಗಳಿಗೆ ಯಾರಿವಳು ಅನ್ನಿಸಿತು. ಮುಖ ನೋಡಿದರೆ ಏನೂ ತಿಳಿಯುವಂತಿಲ್ಲ. ಕಣ್ಣು ಕೆಂಪಾಗಿತ್ತು.

“ಬಂದಾವ್ರೀ,” ಎಂದಳು. “ಕಾಲಾಗೇ ಬಂದು ಕುಂತಾವ. ಕಪ್ಪಗ, ಸಾಸಿವಿ ಕಾಳಿನಂಗ. ನಾ ಗುರ್ತು ಹಾಕಿದ್ವೇ ಅವ.”

ನಾನು ಕರವಸ್ತ್ರ ಬಿಚ್ಚಿ ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿ ನಿಲ್ಲು, ಹಾಕುತ್ತೇನೆ ಎಂದೆ. ಅವಳು ಅದನ್ನು ನೋಡಿದಳು, ಬಾಗಿಲನ್ನೂ ನೋಡಿದಳು.

“ಇನ್ನೂ ಮೂರು ಇಲಿ ಅದಾವ. ಸಂಜಿ ಆಗ್ತದ. ಅದು ನಿಮ್ಮ ಹಂತೇಕ ಇರ್ಲಿ,” ಎಂದಳು. “ಡಬ್ಬಿ ತಗದು ಉಣ್ರಿ, ನನ್ನ ದಾರಿ ಕಾಯಬ್ಯಾಡ್ರಿ.” ಒಳಗೆ ಹೋದಳು, ಬಾಗಿಲು ಮುಚ್ಚಿತು.

ಗಂಡ ಉಣ್ಣದೆ ಹೆಂಡತಿ ಉಣ್ಣದ ಮನೆ ನಮ್ಮದು. ಡಬ್ಬಿ ತೊಡೆಯ ಮೇಲಿತ್ತು, ಹಸಿವೂ ಜೋರಾಗಿತ್ತು. ಡಬ್ಬಿ ತೆರೆಯಲಿಲ್ಲ. ಅವಳು ಬರಲಿ ಎಂದು ಕೂತೆ.